ಯಾರದೋ ಹಸಿರು ಬಟ್ಟೆ

ಆ ಲಾಂಡ್ರಿಯಲ್ಲಿ ಎರಡು ಕಡೆ ಇದ್ದವು. ಒಂದು ಒದ್ದೆ ಕಡೆ, ಇನ್ನೊಂದು ಒಣ ಕಡೆ. ನಡುವೆ ಗೋಡೆಯೇನೂ ಇರಲಿಲ್ಲ. ನೆಲದ ಮೇಲೆ ನೀರು ಎಲ್ಲಿಗೆ ಹರಿದು ನಿಲ್ಲುತ್ತದೋ ಅಲ್ಲಿಗೆ ಒದ್ದೆ ಕಡೆ ಮುಗಿಯಿತು ಅಂತ ಲೆಕ್ಕ. ಒದ್ದೆ ಕಡೆಯಲ್ಲಿ ಆಳೆತ್ತರದ ಮೆಷಿನ್ನುಗಳು. ಬಾಗಿಲು ತೆಗೆದರೆ ಹಾಸಿಗೆ ಬಟ್ಟೆಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡು, ನೀರು ಕುಡಿದು, ಹಡಗಿನ ಹಗ್ಗದ ಹಾಗೆ ಬಿದ್ದಿರುತ್ತಿದ್ದವು. ಅದನ್ನು ಎಳೆದು, ಎತ್ತಿ, ಹಿಂಡುವ ಮೆಷಿನ್ನಿಗೆ ಹಾಕುವುದಕ್ಕೆ ಇಬ್ಬರು ಬೇಕು. ಒಣ ಕಡೆ ಅಂದರೆ ಕಿಟಕಿ ಕಡೆ. ಅಲ್ಲಿ ಉದ್ದನೆಯ ಮೇಜು, ಬೆಳಕು, ಒಂದು ಸ್ಟೂಲು. ಕೂತುಕೊಂಡು ದಿಂಬಿನ ಚೀಲ ಮಡಿಸುವ ಕೆಲಸ. ಒದ್ದೆ ಕಡೆಯವರೆಲ್ಲರ ಕಣ್ಣೂ ಆ ಸ್ಟೂಲಿನ ಮೇಲೆಯೇ.

ಗುಬ್ಬಿ ಒದ್ದೆ ಕಡೆಯವಳು. ಆಳು ಕುಳ್ಳಿ, ಕೈ ಚುರುಕು, ಅದಕ್ಕೇ ಆ ಹೆಸರು. ಅವಳ ಜೋಡಿ ಉದ್ದಕ್ಕ. ಬಾಗಿಲಲ್ಲಿ ಬಗ್ಗಿಯೇ ಬರಬೇಕಾದಂಥ ಎತ್ತರ, ಮಾತು ಕಮ್ಮಿ. ದೊಡ್ಡ ಹಾಸುಬಟ್ಟೆ ಒಣಗಿ ಬಂದಾಗ ಅದನ್ನು ಮಡಿಸುವುದಕ್ಕೂ ಇವರಿಬ್ಬರೇ. ಆಚೆ ತುದಿ ಉದ್ದಕ್ಕ ಎತ್ತಿ ಹಿಡಿದರೆ ಈಚೆ ತುದಿ ಗುಬ್ಬಿಯ ಕೈಯಲ್ಲಿ ನೆಲ ಗುಡಿಸುತ್ತಿತ್ತು. ಅದಕ್ಕೆಂದು ಉದ್ದಕ್ಕ ಎಲ್ಲಿಂದಲೋ ಒಂದು ಮರದ ಹಲಗೆ ತಂದು, ಕೆಳಗೆ ಎರಡು ಮರದ ತುಂಡು ಹೊಡೆಸಿ ಕೊಟ್ಟಿದ್ದಳು. ಗುಬ್ಬಿ ಹಲಗೆ ಹತ್ತಿ ನಿಂತರೆ ಬಟ್ಟೆ ಸಮ ಬರುತ್ತಿತ್ತು. ಇಬ್ಬರೂ ಎರಡು ಕಡೆಯಿಂದ ಕೈ ಕೂಡಿಸುತ್ತಿದ್ದರು, ಉದ್ದಕ್ಕ ನಡೆದು ಬಂದು ತನ್ನ ತುದಿಯನ್ನು ಗುಬ್ಬಿಯ ಬೆರಳಿಗೆ ಕೊಟ್ಟು ಹೋಗುತ್ತಿದ್ದಳು. ವರ್ಷಗಟ್ಟಲೆ ಹೀಗೇ. ಒಬ್ಬರ ಮುಖ ಒಬ್ಬರು ನೋಡದೆಯೂ ಕೈಗೆ ಕೈ ಸಿಗುತ್ತಿತ್ತು.

ಲಾಂಡ್ರಿಗೆ ಬರುತ್ತಿದ್ದ ಬಟ್ಟೆಯಲ್ಲಿ ಅರ್ಧ ವಸತಿಗೃಹಗಳದ್ದು, ಅರ್ಧ ದೊಡ್ಡ ಆಸ್ಪತ್ರೆಯದು. ಆಸ್ಪತ್ರೆಯ ವಾರ್ಡಿನ ಬಟ್ಟೆ ಬಿಳಿ, ಆಪರೇಷನ್ ಕೋಣೆಯದು ಹಸಿರು. ಹಸಿರು ಗಂಟು ಬಿಚ್ಚುವಾಗ ಹೆಂಗಸರು ಸ್ವಲ್ಪ ದನಿ ತಗ್ಗಿಸುತ್ತಿದ್ದರು. ಕಲೆ ನೋಡಿಯೇ ಯಾರಿಗೆ ಏನಾಗಿರಬೇಕು ಅಂತ ಮಾತಾಡಿಕೊಳ್ಳುವುದು ಅವರಿಗೆ ರೂಢಿ. ಇದು ಹೆರಿಗೆ, ಇದು ಕಾಲು ಮುರಿದದ್ದು, ಇದು ಪಾಪ ಉಳಿದಿರಲಿಕ್ಕಿಲ್ಲ. ಔಷಧಿ ಕುಡಿದು ವಾಸಿಯಾದವರ ಬಟ್ಟೆಯೂ ಅದೇ ಮೆಷಿನ್ನಿಗೆ ಬರುತ್ತಿತ್ತು, ಆದರೆ ಅದರಲ್ಲಿ ನೋಡುವುದಕ್ಕೇನೂ ಇರಲಿಲ್ಲ. ಹಾಗಾಗಿ ಅವರ ಮನಸ್ಸಿನಲ್ಲಿ ಒಂದು ನಂಬಿಕೆ ಬೇರೂರಿತ್ತು. ಕಲೆ ಬೀಳದ ಕಾಯಿಲೆ ಕಾಯಿಲೆಯೇ ಅಲ್ಲ.

ಇನ್ನೊಂದು ಕಟ್ಟುಪಾಡೂ ಇತ್ತು. ಹೊಟ್ಟೆ ಕೊಯ್ಯಿಸಿಕೊಂಡು ಬಂದವರು ಒದ್ದೆ ಬಟ್ಟೆ ಎತ್ತಬಾರದು. ಅದು ಮಾಲೀಕರು ಮಾಡಿದ್ದಲ್ಲ, ಉದ್ದಕ್ಕ ಮಾಡಿಸಿದ್ದು. ಅವಳಿಗೆ ಚಿಕ್ಕ ವಯಸ್ಸಿನಲ್ಲೇ ಅಪೆಂಡಿಕ್ಸ್ ತೆಗೆದಿದ್ದರು. ಆಗಿನ ಕಾಲದ ಕೊಯ್ತ, ಗೇಣುದ್ದ. ಗಾಯ ಮಾಗುವ ಮೊದಲೇ ಬಂದು ಒದ್ದೆ ಎತ್ತಿ, ಹೊಲಿಗೆ ಸಡಿಲಾಗಿ, ಮತ್ತೆ ಮಲಗಿದ್ದಳು. ಆಗ ಯಾರೂ ಅವಳಿಗೆ ಸ್ಟೂಲು ಬಿಟ್ಟುಕೊಟ್ಟಿರಲಿಲ್ಲ. ಮುಂದೆ ಹಿರಿಯಳಾದ ಮೇಲೆ ಮಾಲೀಕರ ಎದುರು ನಿಂತು, ಇನ್ನು ಮೇಲೆ ಹೀಗೆ ಆಗಕೂಡದು ಅಂದಳು. ಅಷ್ಟು ಎತ್ತರದವಳು ಎದುರು ನಿಂತು ಹೇಳಿದ ಮೇಲೆ ಅವರೂ ಹೂಂ ಅಂದರು.

ಗುಬ್ಬಿಗೆ ಹೊಟ್ಟೆನೋವು ಬಂದದ್ದು ಮನೆಯಲ್ಲಿ. ಮೊದಲು ಹೊಕ್ಕುಳ ಸುತ್ತ ನುಲಿದು, ಆಮೇಲೆ ಬಲಗಡೆ ಕೆಳಗೆ ಹೋಗಿ ಕೂತುಬಿಟ್ಟಿತು. ಗಂಡ ಬೀಗ ರಿಪೇರಿ ಮಾಡುವವನು. ಅಂಗಡಿಗೆ ಬೀಗ ಹಾಕಿ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಸ್ಕ್ಯಾನ್ ಮಾಡಿ ನೋಡಿದ ವಯಸ್ಸಾದ ಡಾಕ್ಟರು ಅವಸರವಿಲ್ಲದ ಮನುಷ್ಯ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ಅಪೆಂಡಿಕ್ಸ್ ಊದಿಕೊಂಡಿದೆ, ಒಡೆದಿಲ್ಲ, ಒಳಗೆ ಕಲ್ಲಿನಂಥದ್ದೂ ಕಾಣಿಸುತ್ತಿಲ್ಲ. ಇಂಥವರಿಗೆ ಎರಡು ದಾರಿ ಇದೆ. ಆಪರೇಷನ್ ಮಾಡಿ ತೆಗೆದುಬಿಡುವುದು ಒಂದು. ಇಂಜೆಕ್ಷನ್ನು, ಆಮೇಲೆ ಮಾತ್ರೆ ಕೊಟ್ಟು ಇಳಿಸುವುದು ಇನ್ನೊಂದು. ಮಾತ್ರೆಯಲ್ಲೇ ಬಹಳ ಜನ ಗುಣವಾಗುತ್ತಾರೆ. ಆದರೆ ಅದು ಒಳಗೇ ಉಳಿಯುತ್ತದಲ್ಲ, ಹತ್ತು ಜನರಲ್ಲಿ ಮೂರ್ನಾಲ್ಕು ಜನ ಕೆಲವು ವರ್ಷದೊಳಗೆ ಮತ್ತೆ ನೋವು ಅಂತ ವಾಪಸು ಬಂದು ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಎರಡೂ ಸರಿಯಾದ ದಾರಿಯೇ, ಯಾವುದು ಒಗ್ಗುತ್ತದೋ ನೀವೇ ಯೋಚನೆ ಮಾಡಿ ಅಂದರು.

ಗಂಡ ತನ್ನ ಕಸುಬಿನ ಮಾತೇ ಆಡಿದ. ಕಚ್ಚಿಕೊಂಡ ಬೀಗಕ್ಕೆ ಮೊದಲು ಎಣ್ಣೆ, ಆಮೇಲೆ ಸುತ್ತಿಗೆ ಅಂದ. ಡಾಕ್ಟರು ನಕ್ಕರು. ಎಣ್ಣೆ ಬಿಟ್ಟ ಬೀಗ ಮತ್ತೆ ಕಚ್ಚಬಹುದು, ಅದೂ ನೆನಪಿರಲಿ ಅಂದರು. ಗುಬ್ಬಿಗೆ ಪ್ರಜ್ಞೆ ತಪ್ಪಿಸಿ ಮಲಗಿಸುತ್ತಾರೆ ಅನ್ನುವುದೇ ದೊಡ್ಡ ಹೆದರಿಕೆ. ಔಷಧಿಯೇ ಇರಲಿ ಅಂದಳು. ನೋವು ಇಳಿಯಿತು, ಜ್ವರ ಇಳಿಯಿತು. ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತು ಒತ್ತಿ ಹೇಳಿದರು.

"ಮುಂದೆ ಯಾವತ್ತಾದ್ರೂ ಹೊಟ್ಟೆನೋವು ಬಂದ್ರೆ ಮನೇಲಿ ಕೂರಬೇಡಿ. ಯಾರೇ ನೋಡಲಿ, ಅಪೆಂಡಿಕ್ಸ್ ಇನ್ನೂ ಒಳಗಿದೆ ಅಂತ ಮೊದಲು ಅದನ್ನೇ ಹೇಳಿ."

ಹೇಳುತ್ತೇನೆ ಅಂದಳು ಗುಬ್ಬಿ. ಇಲ್ಲಿಯವರೆಗೆ ನಾಚಿಕೆಪಡುವ ಮಾತೇನೂ ಇರಲಿಲ್ಲ. ಕಾಯಿಲೆ ಬಂತು, ಕೇಳಿ ತಿಳಿದು ಒಂದು ದಾರಿ ಹಿಡಿದಳು, ವಾಸಿಯಾಯಿತು. ನಾಚಿಕೆ ಬಂದದ್ದು ಮನೆಗೆ ಬಂದ ಮೇಲೆ, ಹಣ್ಣಿನ ಚೀಲದ ಜೊತೆಗೆ.

ಹಣ್ಣು ತಂದವರು ಉದ್ದಕ್ಕ ಮತ್ತು ರೇಡಿಯೋ. ರೇಡಿಯೋ ಅಂದರೆ ಲಾಂಡ್ರಿಯಲ್ಲಿ ಬಟ್ಟೆ ಬೇರ್ಪಡಿಸುವವಳು. ಬೆಳಿಗ್ಗೆ ಬಾಯಿ ತೆರೆದರೆ ಸಂಜೆ ಮೆಷಿನ್ನಿನ ಜೊತೆಗೇ ನಿಲ್ಲಿಸುವುದು. ಗುಬ್ಬಿ ಮಂಚದಿಂದ ಏಳಲು ಹೋದಳು. ಉದ್ದಕ್ಕ ಓಡಿಬಂದು ಎರಡೂ ಭುಜ ಹಿಡಿದು ಮಲಗಿಸಿದಳು, ಹೊಲಿಗೆ ಬಿಟ್ಟೀತು ಅಂತ. ಹೊಲಿಗೆ ಎಲ್ಲಿದೆ ಅಕ್ಕಾ ಅನ್ನುವ ಮಾತು ಗುಬ್ಬಿಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ರೇಡಿಯೋ ಹಚ್ಚಿಕೊಂಡಳು. ಅಪೆಂಡಿಕ್ಸ್ ಅಂದ ಮೇಲೆ ಕೊಯ್ದೇ ಇರುತ್ತಾರೆ ಅಂತ, ಆಸ್ಪತ್ರೆಯ ಗಂಟು ಬಂದದ್ದೇ ತಡ ಎಲ್ಲರೂ ಸುತ್ತ ಕೂತರಂತೆ, ನಮ್ಮ ಗುಬ್ಬಿಯದು ಯಾವುದು ಅಂತ ಹುಡುಕಿದರಂತೆ. ಹಸಿರು ಬಟ್ಟೆ ನಾಲ್ಕಾರು ಇದ್ದವು. ಅದರಲ್ಲಿ ಒಂದರ ಮೇಲೆ ಅಂಗೈಯಗಲದ ಕಲೆ ಮಾತ್ರ. ಗುಬ್ಬಿಯ ಮೈಯಲ್ಲಿ ರಕ್ತ ಎಷ್ಟಿದ್ದೀತು, ಇಷ್ಟೇ ಇರಬೇಕು, ಇದೇ ಅವಳದು ಅಂತ ತೀರ್ಮಾನವಾಯಿತಂತೆ.

ಆಮೇಲೆ ಉದ್ದಕ್ಕ ತಾನೇ ಬಾಯಿಬಿಟ್ಟಳು.

"ನಿಂದು ಮೆಷಿನ್ನಿಗೆ ಹಾಕ್ಲಿಲ್ಲ ಕಣೇ. ಎಲ್ಲರದರ ಜೊತೆ ಹಾಕೋಕೆ ಮನಸ್ಸು ಬರ್ಲಿಲ್ಲ. ತಣ್ಣೀರಲ್ಲಿ ನೆನೆಸಿ ಕೈಯಲ್ಲೇ ಒಗೆದೆ. ಕಲೆ ಪೂರ್ತಿ ಹೋಯ್ತು."

ಅಷ್ಟು ಹೇಳಿ ಅವಳು ಚೀಲದಿಂದ ಒಂದು ಪಟ್ಟಿ ತೆಗೆದಳು. ಹಳೆಯ ಹಾಸುಬಟ್ಟೆಯನ್ನು ಮಡಿಸಿ ಮಡಿಸಿ ಹೊಲಿದು, ಎರಡು ಕಡೆ ಕಟ್ಟಿಕೊಳ್ಳಲು ಲಾಡಿ ಇಟ್ಟಿದ್ದಳು. ಕೆಮ್ಮುವಾಗ, ಸೀನುವಾಗ ಹೊಟ್ಟೆಗೆ ಆಸರೆಯಿರಲಿ ಅಂತ. ಗುಬ್ಬಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಯಾರದೋ ರಕ್ತವನ್ನು ತನ್ನದೆಂದು ಕೈಯಲ್ಲಿ ಒಗೆದವಳಿಗೆ, ಅದು ನನ್ನದಲ್ಲ, ನಾನು ಮಾತ್ರೆ ನುಂಗಿ ಎದ್ದುಬಂದೆ ಅಂತ ಹೇಗೆ ಹೇಳುವುದು. ಹೇಳಿದರೆ ಅವಳ ಮುಖ ಏನಾದೀತು. ಗುಬ್ಬಿ ಏನೂ ಹೇಳಲಿಲ್ಲ. ಬಾಗಿಲಲ್ಲಿ ನಿಂತ ಗಂಡ ಎರಡು ಸಲ ಕೆಮ್ಮಿದ. ಅದಕ್ಕೂ ಹೇಳಲಿಲ್ಲ.

ಅವರು ಹೋದ ಮೇಲೆ ಗಂಡ ಒಂದು ಹಣ್ಣು ಎತ್ತಿಕೊಂಡು, ತಿನ್ನದೆ ಅದನ್ನೇ ತಿರುಗಿಸುತ್ತ ನಿಂತ. ಇದು ಸರಿಯಲ್ಲ ಅಂದ. ಕೆಲಸಕ್ಕೆ ಹೋದ ದಿನ ಹೇಳಿಬಿಡುತ್ತೇನೆ ಅಂದಳು ಅವಳು. ಆಡಿದ ಮಾತು ಕೆಟ್ಟದಾದರೆ ಕ್ಷಮೆ ಕೇಳಬಹುದು. ಆಡಬೇಕಾದ ಹೊತ್ತಿನಲ್ಲಿ ಆಡದ ಮಾತಿದೆಯಲ್ಲ, ಅದು ಹಾಗಲ್ಲ. ದಿನ ಕಳೆದಷ್ಟೂ ಬಲಿಯುತ್ತದೆ.

ಕೆಲಸಕ್ಕೆ ಹೋದ ದಿನ ಕಿಟಕಿಯ ಸ್ಟೂಲಿನ ಮೇಲೆ ಮೆತ್ತೆ ಹಾಕಿಟ್ಟಿತ್ತು. ಅಲ್ಲಿ ಕೂರುತ್ತಿದ್ದ ಅಜ್ಜಿ ಕೆಲಸ ಬಿಟ್ಟು ಮಗಳ ಮನೆಗೆ ಹೋಗಿ ಆಗಲೇ ಕೆಲವು ದಿನವಾಗಿತ್ತು. ಹಿರಿತನದ ಲೆಕ್ಕದಲ್ಲಿ ಆ ಜಾಗ ಉದ್ದಕ್ಕನದು. ಬಲ ಭುಜ ಒಂದೆರಡು ವರ್ಷದಿಂದ ಅವಳನ್ನು ಕಾಡುತ್ತಿತ್ತು, ಸ್ಟೂಲಿನ ದಾರಿಯನ್ನೇ ಅವಳು ಕಾಯುತ್ತಿದ್ದಳು ಅನ್ನುವುದು ಎಲ್ಲರಿಗೂ ಗೊತ್ತು. ಈಗ ಅವಳೇ ಮೆತ್ತೆ ತಟ್ಟಿ, ಕೂತ್ಕೋ ಅಂದಳು. ನನಗೇನು, ಬಂಡೆ ಹಾಗಿದ್ದೀನಿ ಅಂದಳು. ಮೆಷಿನ್ನುಗಳು ಒಮ್ಮೆಗೇ ಶುರುವಾದವು. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ ಅನ್ನುವುದೇ ಗುಬ್ಬಿಗೆ ನೆಪವಾಯಿತು. ಕೂತಳು.

ಉದ್ದಕ್ಕನಿಗೆ ಹೊಸ ಜೋಡಿ ಅಂತ ರೇಡಿಯೋಳನ್ನು ಹಾಕಿದರು. ಅವಳ ಬಾಯಿ ನಡೆದಷ್ಟು ಕೈ ನಡೆಯುತ್ತಿರಲಿಲ್ಲ. ಮಾತಿನ ಭರದಲ್ಲಿ ತನ್ನ ಕಡೆಯ ತುದಿ ಬಿಟ್ಟುಬಿಡುವಳು, ಭಾರವೆಲ್ಲ ಉದ್ದಕ್ಕನ ಭುಜಕ್ಕೆ ಬೀಳುವುದು. ಕಿಟಕಿಯ ಹತ್ತಿರ ದಿಂಬಿನ ಚೀಲ ಮಡಿಸುತ್ತ ಕೂತ ಗುಬ್ಬಿ ಅದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಎದ್ದು ಹೋಗಿ ಒದ್ದೆಗೆ ಕೈ ಹಾಕಿದಳು. ಉದ್ದಕ್ಕ ಅವಳ ಕೈ ಬಿಡಿಸಿ, ಕೋಳಿಮರಿ ಓಡಿಸುವ ಹಾಗೆ ಶ್ ಶ್ ಅನ್ನುತ್ತ ವಾಪಸು ಕಳಿಸಿದಳು. ಎಲ್ಲರೂ ನಕ್ಕರು. ಗುಬ್ಬಿಯೂ ನಕ್ಕಳು. ಆ ನಗುವಿನ ರುಚಿ ಎಷ್ಟು ಹೊತ್ತಾದರೂ ಬಾಯಿಂದ ಹೋಗಲಿಲ್ಲ.

ಯಾರೋ ಡಾಕ್ಟರು ಅಪೆಂಡಿಕ್ಸ್ ಅಂದರೆ ಕರುಳಿಗೆ ಬಾಲ ಇದ್ದ ಹಾಗೆ ಅಂದದ್ದನ್ನು ರೇಡಿಯೋ ಎಲ್ಲಿಂದಲೋ ಕೇಳಿಕೊಂಡು ಬಂದಿದ್ದಳು. ಅವತ್ತಿನಿಂದ ಗುಬ್ಬಿಗೆ ಬಾಲ ಇಲ್ಲದ ಗುಬ್ಬಿ ಅಂತ ಹೆಸರು. ಒಂದು ಸಲ ಚಹಾದ ಹೊತ್ತಿನಲ್ಲಿ ರೇಡಿಯೋ ಗಾಯದ ಗುರುತು ತೋರಿಸು ಅಂತ ಪಟ್ಟು ಹಿಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗುಬ್ಬಿಯ ಕೈ ತಾನಾಗಿ ಹೊಟ್ಟೆಯ ಮೇಲಿನ ಪಟ್ಟಿಗೆ ಹೋಯಿತು. ಹೌದು, ಪಟ್ಟಿ ಅವಳು ಇನ್ನೂ ಕಟ್ಟಿಕೊಳ್ಳುತ್ತಿದ್ದಳು. ಬಿಚ್ಚಿದರೆ ಉದ್ದಕ್ಕ ಏನೆಂದುಕೊಂಡಾಳು ಅಂತ. ಉದ್ದಕ್ಕ ರೇಡಿಯೋಗೆ ಗದರಿದಳು. ಗಾಯ ಏನು ಜಾತ್ರೆಯ ಗೊಂಬೆಯೇನೇ, ಕಂಡಕಂಡವರಿಗೆ ತೋರಿಸೋಕೆ ಅಂದಳು. ತನ್ನ ಪರವಾಗಿ ಅವಳು ಹೀಗೆ ಜಗಳಕ್ಕೆ ನಿಂತಾಗಲೆಲ್ಲ ಗುಬ್ಬಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಗಂಡ ಮೊದಮೊದಲು ಕೇಳುತ್ತಿದ್ದ, ಹೇಳಿದೆಯಾ ಅಂತ. ಆಮೇಲೆ ಕೇಳುವುದನ್ನೇ ಬಿಟ್ಟ. ಒಂದು ಸಂಜೆ ಯಾವುದೋ ಬೀಗ ಬಿಚ್ಚಿ ಹರವಿಕೊಂಡು ಕೂತಿದ್ದವನು ತಲೆಯೆತ್ತದೆ ಅಂದ.

"ಊರಿನ ಬೀಗಕ್ಕೆಲ್ಲ ಕೀ ಮಾಡಿಕೊಡ್ತೀನಿ. ನಿನ್ನ ಬಾಯಿಗೆ ಹಾಕ್ಕೊಂಡಿರೋ ಬೀಗಕ್ಕೆ ಮಾತ್ರ ನನ್ನ ಹತ್ರ ಕೀ ಇಲ್ಲ ಕಣೇ."

ಹೀಗೆ ಒಂದು ಬೇಸಿಗೆ ಹೋಯಿತು, ಒಂದು ಮಳೆಗಾಲ ಹೋಯಿತು. ಉದ್ದಕ್ಕ ಈಗ ತಲೆ ಬಾಚಿಕೊಳ್ಳಲು ಎಡಗೈ ಬಳಸುತ್ತಿದ್ದಳು. ಮೇಲಿನ ಗೂಟಕ್ಕೆ ನೇತುಹಾಕುತ್ತಿದ್ದ ಚೀಲವನ್ನು ಕೆಳಗೆ ಇಡತೊಡಗಿದಳು. ಏನಕ್ಕಾ ಅಂದರೆ, ವಯಸ್ಸು ಅನ್ನುವಳು.

ನೋವು ಎರಡನೆಯ ಸಲ ಬಂದದ್ದು ಲಾಂಡ್ರಿಯಲ್ಲೇ, ಮಧ್ಯಾಹ್ನದ ಊಟವಾದ ಮೇಲೆ. ಗುಬ್ಬಿಗೆ ಆ ನೋವಿನ ಗುರುತು ತಕ್ಷಣ ಸಿಕ್ಕಿತು. ಹಳೆಯ ಸಾಲಗಾರನ ಹೆಜ್ಜೆ ಸಪ್ಪಳದಲ್ಲೇ ತಿಳಿಯುವುದಿಲ್ಲವೇ, ಹಾಗೆ. ಹೊಕ್ಕುಳ ಸುತ್ತ ನುಲಿದು, ಬಲಗಡೆ ಇಳಿದು, ಕೂತಿತು. ಹಲ್ಲು ಕಚ್ಚಿಕೊಂಡು ಮಡಿಸುತ್ತಲೇ ಇದ್ದಳು. ಮೇಜಿನ ಮೇಲೆ ತಲೆಯಿಟ್ಟದ್ದನ್ನು ಮೊದಲು ನೋಡಿದವಳು ಉದ್ದಕ್ಕನೇ. ಕೈಯಲ್ಲಿದ್ದ ಒದ್ದೆಯನ್ನು ಹಾಗೇ ಬಿಟ್ಟು ಬಂದಳು, ಏಪ್ರನ್ ಕೂಡ ಬಿಚ್ಚದೆ ಅವಳನ್ನು ಹಿಡಿದುಕೊಂಡು ಹೊರಟಳು. ಬೀಗದಂಗಡಿಗೆ ಸುದ್ದಿ ಮುಟ್ಟಿಸುವ ಕೆಲಸ ರೇಡಿಯೋಗೆ ಬಿತ್ತು. ಅದು ಅವಳಿಗೆ ಹೇಳಿ ಮಾಡಿಸಿದ ಕೆಲಸ.

ದೊಡ್ಡ ಆಸ್ಪತ್ರೆ ದೂರ. ಲಾಂಡ್ರಿಯ ಹಿಂದಿನ ಬೀದಿಯಲ್ಲಿ ಇನ್ನೊಂದು ಆಸ್ಪತ್ರೆಯಿತ್ತು, ಅಲ್ಲಿಗೇ ಹೋದರು. ಮುಂದಿನ ಕೋಣೆಯಲ್ಲಿ ಜನ ತುಂಬಿದ್ದರು. ಗುಬ್ಬಿಯನ್ನು ಪರದೆಯ ಪಕ್ಕದ ಮಂಚದ ಮೇಲೆ ಮಲಗಿಸಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದಳು, ನಿಂತುಕೊಂಡೇ ಕೇಳತೊಡಗಿದಳು. ನೋವು ಎಲ್ಲಿ, ಯಾವಾಗ ಶುರುವಾಯಿತು, ವಾಂತಿ ಆಯಿತಾ. ಮೊದಲು ಯಾವುದಾದರೂ ಆಪರೇಷನ್ ಆಗಿದೆಯಾ ಅಂದಾಗ ಗುಬ್ಬಿ ಬಾಯಿ ತೆರೆಯುವ ಮೊದಲೇ ಉದ್ದಕ್ಕ ಉತ್ತರ ಕೊಟ್ಟಳು.

"ಆಗಿದೆಯಮ್ಮಾ. ಅಪೆಂಡಿಕ್ಸ್ ತೆಗೆದಿದ್ದಾರೆ. ಅವಳ ಬಟ್ಟೆ ಒಗೆದವಳೇ ನಾನು."

ಹಾಗಿದ್ದರೆ ಅದಲ್ಲ ಅಂದಳು ಡಾಕ್ಟರಮ್ಮ. ಮೂತ್ರದ ಕಡೆ ಕಲ್ಲು ಇರಬಹುದು, ಅದನ್ನು ಮೊದಲು ನೋಡೋಣ ಅಂತ ನರ್ಸಿಗೆ ಹೇಳಿದಳು, ಪಕ್ಕದ ಮಂಚದಲ್ಲಿ ಕೂಗುತ್ತಿದ್ದವರನ್ನು ನೋಡಿಬಂದು ಹೊಟ್ಟೆ ಪರೀಕ್ಷೆ ಮಾಡುತ್ತೇನೆ ಅಂತ ಆಚೆ ತಿರುಗಿದಳು.

ಗುಬ್ಬಿಗೆ ಅತ್ತ ದರಿ ಇತ್ತ ಪುಲಿ. ವಯಸ್ಸಾದ ಡಾಕ್ಟರು ಒತ್ತಿ ಹೇಳಿದ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಸುಮ್ಮನಿದ್ದರೆ ಒಳಗೆ ಊದಿಕೊಂಡದ್ದು ಒಡೆದುಹೋದೀತು, ಇವರು ಎಲ್ಲೋ ಕಲ್ಲು ಹುಡುಕುತ್ತ ಕೂತಾರು. ಹೇಳೋಣವೆಂದರೆ ತಲೆಯ ಹತ್ತಿರವೇ ಉದ್ದಕ್ಕ, ಹಣೆಯ ಬೆವರು ಒರೆಸುತ್ತ ನಿಂತಿದ್ದಾಳೆ. ಮನುಷ್ಯರ ಬುದ್ಧಿ ನೋಡಿ, ಪ್ರಾಣ ಹೋಗುವ ನೋವಿನಲ್ಲೂ ಕಳ್ಳದಾರಿ ಹುಡುಕುತ್ತದೆ. ಅಕ್ಕಾ, ಬಾಯಿ ಒಣಗ್ತಿದೆ, ಒಂದು ಲೋಟ ನೀರು ಸಿಗುತ್ತಾ ನೋಡು ಅಂದಳು. ಉದ್ದಕ್ಕ ಹೋದಳು. ಅವಳ ಬೆನ್ನು ಬಾಗಿಲಲ್ಲಿ ಬಗ್ಗಿ ಮರೆಯಾದದ್ದೇ ಗುಬ್ಬಿ ಡಾಕ್ಟರಮ್ಮನ ತೋಳು ಹಿಡಿದು ಎಳೆದಳು, ಅಪೆಂಡಿಕ್ಸ್ ಒಳಗೇ ಇದೆ, ಅವತ್ತು ಬರೀ ಔಷಧಿಯಲ್ಲಿ ಇಳಿಸಿದ್ದು ಅಂತ ಪಿಸುಗುಟ್ಟಿದಳು. ಜೊತೆಗೆ ಬಂದ ಅಕ್ಕನಿಗೆ ಗೊತ್ತಿಲ್ಲ, ಹೇಳಬೇಡಿ ಅಂತಲೂ ಸೇರಿಸಿದಳು.

ಡಾಕ್ಟರಮ್ಮ ಇತ್ತ ತಿರುಗಿದಳು. ನನ್ನ ಬಾಯಿಂದ ಹೋಗುವುದಿಲ್ಲ, ಅದು ನಿಮಗೆ ಬಿಟ್ಟದ್ದು ಅಂದಳು. ಹೇಳಿದ್ದು ಮಾತ್ರ ಒಳ್ಳೆಯದಾಯಿತು, ಇಲ್ಲದಿದ್ದರೆ ಸುಮ್ಮನೆ ಹೊತ್ತು ಹೋಗುತ್ತಿತ್ತು ಅಂತ ಪರದೆ ಎಳೆದು, ಹೊಟ್ಟೆ ಒತ್ತಿ ನೋಡಿದಳು. ಸ್ಕ್ಯಾನಿಗೆ ಕರೆಯುತ್ತಾರೆ, ಇರಿ ಅಂತ ಹೋದಳು.

ಅಲ್ಲಿಗೆ ಎಲ್ಲ ಸರಿಹೋಗಿತ್ತು. ತಿಳಿಯಬೇಕಾದವರಿಗೆ ತಿಳಿದಿತ್ತು, ಔಷಧಿಯೋ ಆಪರೇಷನ್ನೋ ಯಾವುದೋ ಒಂದು ಆಗುತ್ತದೆ, ಉದ್ದಕ್ಕನಿಗೆ ಏನೋ ಒಂದು ಹೇಳಿದರಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದು ಯಾರಿಗೂ ಕಾಣದೆ ಹೋಗುವುದರಲ್ಲಿತ್ತು.

ಉದ್ದಕ್ಕ ನೀರು ತಂದಳು. ಲೋಟ ಎಡಗೈಯಲ್ಲಿತ್ತು. ಮಲಗಿದ್ದವಳ ತಲೆ ಎತ್ತಿ ಕುಡಿಸಬೇಕು, ಅದಕ್ಕೆ ಇನ್ನೊಂದು ಕೈ ಬೇಕು. ಬಲಗೈ ಎತ್ತಲು ಹೋದಳು. ಕೈ ಸೊಂಟದಿಂದ ಸ್ವಲ್ಪ ಮೇಲೆ ಬಂದು ಅಲ್ಲೇ ನಿಂತುಬಿಟ್ಟಿತು. ಮತ್ತೊಮ್ಮೆ ಎತ್ತಿದಳು, ಮತ್ತೆ ಅಷ್ಟಕ್ಕೇ ನಿಂತಿತು. ನೋವು ಮುಖದಲ್ಲಿ ಕಾಣಬಾರದು ಅಂತ ಅವಳು ಕಿಟಕಿಯ ಕಡೆ ನೋಡಿದಳು. ಆಮೇಲೆ ಲೋಟವನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, ಅದೇ ಎಡಗೈಯಲ್ಲಿ ಗುಬ್ಬಿಯ ತಲೆ ಎತ್ತಿ ದಿಂಬು ಏರಿಸಿ, ಮತ್ತೆ ಲೋಟ ತೆಗೆದುಕೊಂಡು ತುಟಿಗೆ ಹಿಡಿದಳು.

ಗುಬ್ಬಿ ಕುಡಿಯದೆ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಅಕ್ಕಾ, ಅವತ್ತು ನನಗೆ ಆಪರೇಷನ್ ಆಗ್ಲಿಲ್ಲ. ಮಾತ್ರೆಯಲ್ಲೇ ವಾಸಿ ಆಯ್ತು. ನೀನು ಒಗೆದ ಬಟ್ಟೆ ನಂದಲ್ಲ."

ಪರದೆಯ ಆಚೆ ಯಾರೋ ಯಾರನ್ನೋ ಕರೆಯುತ್ತಿದ್ದರು. ಉದ್ದಕ್ಕ ಲೋಟದೊಳಗಿನ ನೀರನ್ನು ನೋಡಿದಳು, ಆಮೇಲೆ ಗುಬ್ಬಿಯ ಹೊಟ್ಟೆಯ ಮೇಲಿದ್ದ ಪಟ್ಟಿಯನ್ನು ನೋಡಿದಳು. ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಅಂತ ಗುಬ್ಬಿ ಕಣ್ಣು ಮುಚ್ಚಿದಳು. ಆದರೆ ಉದ್ದಕ್ಕ ಕೇಳಿದ್ದು ಬೇರೆಯೇ.

"ಹಾಗಾದ್ರೆ ಆ ಬಟ್ಟೆ ಯಾರದು?"

ಗೊತ್ತಿಲ್ಲ ಅಕ್ಕಾ ಅಂದಳು ಗುಬ್ಬಿ.

"ಯಾರದೋ," ಅಂದಳು ಉದ್ದಕ್ಕ. "ಇರ್ಲಿ ಬಿಡು. ಅವರಿಗೂ ನೋವಾಗಿರುತ್ತಲ್ಲ."

ಬೈದಿದ್ದರೆ ಗುಬ್ಬಿ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದಳು. ಉದ್ದಕ್ಕ ಲೋಟ ಕೆಳಗಿಟ್ಟು ಮಂಚದ ತುದಿಯಲ್ಲಿ ಕೂತಳು, ತನ್ನ ಬಲ ಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡಳು. ಯಾಕೆ ಹೇಳಲಿಲ್ಲ ಅಂತ ಅವಳು ಕೇಳಲೇ ಇಲ್ಲ.

ಗಂಡ ಬಂದು ತಲುಪುವ ಹೊತ್ತಿಗೆ ಸ್ಕ್ಯಾನ್ ಮುಗಿದಿತ್ತು. ಅವನು ಇಬ್ಬರ ಮುಖವನ್ನೂ ನೋಡಿದ. ಗೋಡೆಗೆ ಒರಗಿ ನಿಂತ. ಡಾಕ್ಟರಮ್ಮ ಬಂದು ಹೇಳಿದಳು. ಮತ್ತೆ ಊದಿದೆ, ಪುಣ್ಯಕ್ಕೆ ಒಡೆದಿಲ್ಲ. ಈ ಸಲವೂ ಔಷಧಿ ಕೊಟ್ಟು ನೋಡಬಹುದು. ಆದರೆ ಒಮ್ಮೆ ಇಳಿದದ್ದು ವರ್ಷದೊಳಗೇ ಮರಳಿ ಬಂದಿದೆಯಾದ್ದರಿಂದ ತೆಗೆಸುವುದು ಮೇಲು ಅಂತ ನನ್ನ ಅಭಿಪ್ರಾಯ. ಅವಳ ಮಾತು ಮುಗಿಯುವ ಮೊದಲೇ ಗುಬ್ಬಿ, ಕೊಯ್ದುಬಿಡಿ, ಈಗಲೇ ಕೊಯ್ದುಬಿಡಿ ಅಂದಳು. ಎಷ್ಟು ಉದ್ದ ಬೇಕಾದರೂ ಕೊಯ್ಯಿರಿ ಅಂದಳು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಉದ್ದಕ್ಕನಿಗೆ ಆಯಿತು.

"ಗುಬ್ಬೀ, ಇಲ್ಲಿ ಕೇಳು. ಸುಳ್ಳನ್ನ ನಿಜ ಮಾಡೋಕೆ ಅಂತ ಹೊಟ್ಟೆ ಕೊಯ್ಸಿಕೋಬೇಡ. ಕೊಯ್ಸಿಕೊಳ್ಳೋದಾದ್ರೆ ನಿನ್ನ ನೋವಿಗೆ ಕೊಯ್ಸಿಕೋ, ನನ್ನ ಮುಖ ನೋಡಿ ಅಲ್ಲ."

ಅಷ್ಟು ಹೇಳಿ ಅವಳು ಎದ್ದಳು. ಮೆಷಿನ್ನಿನ ಬಾಯಲ್ಲಿ ಒದ್ದೆ ಹಾಗೇ ಬಿಟ್ಟು ಬಂದಿದ್ದೇನೆ, ವಾಸನೆ ಹಿಡಿಯುತ್ತದೆ ಅಂದಳು. ಹೋಗುವಾಗ ಪರದೆಯನ್ನು ಸರಿಯಾಗಿ ಎಳೆದು ಹೋದಳು.

ಅವಳು ಹೋದ ಮೇಲೆ ಗುಬ್ಬಿ ಮೊದಲ ಸಲ ಕೇಳಿದ ಹಾಗೇ ಎಲ್ಲವನ್ನೂ ಕೇಳಿದಳು. ಔಷಧಿಯಲ್ಲಿ ಇಳಿದರೆ ಮತ್ತೆ ಬರುವುದೆಷ್ಟು ಸಾಧ್ಯ, ಆಪರೇಷನ್ ಆದರೆ ಏನೇನು ತೊಂದರೆ ಆಗಬಹುದು, ಎದ್ದು ಓಡಾಡುವುದು ಯಾವಾಗ, ಭಾರ ಎತ್ತುವುದು ಯಾವಾಗ. ಗಂಡ ನಡುವೆ ಬೀಗದ ಮಾತು ತರಲಿಲ್ಲ. ಪ್ರತಿ ಹೊಟ್ಟೆನೋವಿಗೂ ಹೆದರುತ್ತ ಕೂರುವುದು ನನ್ನಿಂದಾಗದು, ತೆಗೆಸಿಬಿಡುತ್ತೇನೆ ಅಂದಳು ಕೊನೆಗೆ. ಈ ಸಲ ಆ ಮಾತು ಹೊಟ್ಟೆಯ ಸಲುವಾಗಿಯೇ ಬಂದದ್ದು, ಅಥವಾ ಹೆಚ್ಚುಪಾಲು ಹಾಗೆ.

ಆಪರೇಷನ್ ಆಯಿತು. ಮೂರು ಸಣ್ಣ ತೂತು, ಅಂಗಿಯ ಗುಂಡಿ ತೂರುವಷ್ಟು. ಆ ಆಸ್ಪತ್ರೆಯ ಬಟ್ಟೆ ಬೇರೆ ಲಾಂಡ್ರಿಗೆ ಹೋಗುತ್ತಿತ್ತು. ಅವಳ ಹಸಿರು ಬಟ್ಟೆಯನ್ನು ಯಾರು ಒಗೆದರೋ, ಎಲ್ಲರದರ ಜೊತೆ ಮೆಷಿನ್ನಿಗೆ ಹಾಕಿದರೋ, ಯಾರಿಗೂ ಗೊತ್ತಿಲ್ಲ. ಮನೆಗೆ ಹಣ್ಣು ಬಂತು, ಆದರೆ ರೇಡಿಯೋ ಒಬ್ಬಳೇ ತಂದಳು. ಉದ್ದಕ್ಕ ಯಾಕೆ ಬರಲಿಲ್ಲ ಅಂತ ಗುಬ್ಬಿ ಕೇಳಲಿಲ್ಲ. ಬಾಲ ಮತ್ತೆ ಚಿಗುರಿತ್ತಾ ಅಂತ ರೇಡಿಯೋ ತಮಾಷೆ ಮಾಡಿದಳು. ಅದರಿಂದ ಗೊತ್ತಾಯಿತು, ಉದ್ದಕ್ಕ ಯಾರಿಗೂ ಏನೂ ಹೇಳಿಲ್ಲ.

ಡಾಕ್ಟರಮ್ಮ ಹೇಳಿದಷ್ಟು ದಿನ ಗುಬ್ಬಿ ಮನೆಯಲ್ಲೇ ಉಳಿದಳು. ಕೆಲಸಕ್ಕೆ ಹೋದ ದಿನ ಚಹಾದ ಹೊತ್ತಿನವರೆಗೆ ಕಾದಳು. ಮೆಷಿನ್ನುಗಳು ನಿಂತಾಗ ಎದ್ದು ನಿಂತು ಹೇಳಿದಳು. ಮೊದಲ ಸಲ ಆಪರೇಷನ್ ಆಗಿರಲಿಲ್ಲ, ನೀವು ಅಂದುಕೊಂಡಿರಿ, ನಾನು ಬಾಯಿ ಮುಚ್ಚಿಕೊಂಡು ಕೂತೆ, ಆ ಸ್ಟೂಲಿನ ಮೇಲೆ ಅಕ್ಕ ಕೂರಬೇಕಿತ್ತು. ಇಷ್ಟೇ ಮಾತು. ರೇಡಿಯೋ ಕೂಡ ಸುಮ್ಮನಾದಳು. ಆಮೇಲೆ ಅವರಲ್ಲಿ ಒಬ್ಬಳು, ಅಂದ್ರೆ ಬರೀ ಮಾತ್ರೆಯಲ್ಲೂ ಅದು ಇಳಿಯುತ್ತಾ ಅಂತ ಕೇಳಿದಳು. ಇಳಿಯುತ್ತದೆ, ಕೆಲವರಿಗೆ ಮತ್ತೆ ಬರುತ್ತದೆ ಅಂದಳು ಗುಬ್ಬಿ. ಕೆಲವರು ನಂಬಿದರು. ಕೆಲವರು ಅವತ್ತಿನಿಂದ ಅವಳ ಜೊತೆ ಚಹಾ ಕುಡಿಯುವುದನ್ನು ಬಿಟ್ಟರು. ರೇಡಿಯೋಗೆ ದನಿ ಮರಳಿದ ಮೇಲೆ ಮೂರು ತೂತಿನ ಗುರುತು ನೋಡಿದಳು, ಇಷ್ಟೇನಾ ಅಂದಳು. ಅವಳ ದನಿಯಲ್ಲಿ ಮೋಸಹೋದ ಬೇಸರವಿತ್ತು.

ಸ್ಟೂಲಿನ ಮೇಲೆ ಈಗ ಉದ್ದಕ್ಕ ಕೂತಿದ್ದಳು. ಗುಬ್ಬಿ ಬಿಟ್ಟುಕೊಟ್ಟದ್ದಲ್ಲ. ಒಂದು ದಿನ ಬಲಗೈ ಪೂರ್ತಿ ನಿಂತುಹೋಗಿ, ಮಾಲೀಕರೇ ಕೂರಿಸಿದ್ದರು. ಭುಜದ ಡಾಕ್ಟರು, ಇದಿಷ್ಟು ಉಳಿದರೆ ಸಾಕು, ಮೊದಲಿನ ಹಾಗೆ ಎತ್ತುವುದು ಕಷ್ಟ ಅಂದಿದ್ದರಂತೆ. ಭಾರ ಎತ್ತಬಹುದು ಅಂತ ಆದ ಮೇಲೆ ಗುಬ್ಬಿ ಒದ್ದೆ ಕಡೆಗೆ ಹೋದಳು, ರೇಡಿಯೋ ಬಿಟ್ಟ ತುದಿಯನ್ನೂ ತಾನೇ ಹಿಡಿದಳು. ಉದ್ದಕ್ಕ ಅವಳ ಜೊತೆ ಮಾತು ಬಿಟ್ಟಿರಲಿಲ್ಲ. ಬಟ್ಟೆ ಬಂತಾ, ಸೋಪು ಆಯ್ತಾ, ಅಷ್ಟು ಮಾತು ಇತ್ತು. ಕಣೇ ಅನ್ನುವುದು ಮಾತ್ರ ನಿಂತುಹೋಗಿತ್ತು.

ಒಂದು ದಿನ ವಸತಿಗೃಹದ ದೊಡ್ಡ ಹಾಸುಬಟ್ಟೆಗಳು ಒಣಗಿ ರಾಶಿ ಬಿದ್ದವು. ಮಡಿಸಲು ಯಾರಿಗೂ ಬಿಡುವಿರಲಿಲ್ಲ. ಉದ್ದಕ್ಕ ಎದ್ದು ನಿಂತು, ಒಂದರ ತುದಿ ಹಿಡಿದಳು. ಯಾರ ಕಡೆಗೂ ನೋಡದೆ, ಗುಬ್ಬೀ, ಬಾ ಅಂದಳು. ಗುಬ್ಬಿ ಏಪ್ರನ್ನಿಗೆ ಕೈ ಒರೆಸಿಕೊಂಡು ಹೋದಳು. ಮೇಜಿನ ಕೆಳಗಿದ್ದ ಮರದ ಹಲಗೆಯನ್ನು ಅಭ್ಯಾಸಬಲದಿಂದ ಕಾಲ್ಬೆರಳಿನಲ್ಲಿ ಎಳೆದುಕೊಂಡು, ಹತ್ತಿ ನಿಂತು, ಬಟ್ಟೆ ಎತ್ತಿದಳು.

ಬಟ್ಟೆ ಓರೆಯಾಯಿತು. ಅವಳ ತುದಿ ಮೇಲೆ, ಉದ್ದಕ್ಕನ ತುದಿ ಕೆಳಗೆ. ಉದ್ದಕ್ಕನ ಬಲಗೈ ಎದೆಯವರೆಗೂ ಬರುತ್ತಿರಲಿಲ್ಲ.

"ಅದು ಬೇಡ," ಅಂದಳು ಉದ್ದಕ್ಕ.

ಗುಬ್ಬಿ ಹಲಗೆಯಿಂದ ಕೆಳಗಿಳಿದಳು. ಈಗ ಬಟ್ಟೆ ಸಮ ಬಂತು. ಇಬ್ಬರೂ ಕೈ ಕೂಡಿಸಿದರು. ಉದ್ದಕ್ಕ ನಡೆದು ಬಂದು ತನ್ನ ತುದಿಯನ್ನು ಅವಳ ಬೆರಳಿಗೆ ಕೊಟ್ಟಳು, ಮುಖ ನೋಡಲಿಲ್ಲ, ಇನ್ನೊಂದು ಬಟ್ಟೆ ತೆಗೆದುಕೊಳ್ಳಲು ಹೋದಳು. ಗುಬ್ಬಿ ಹಲಗೆಯನ್ನು ಕಾಲಿನಲ್ಲಿ ಮೇಜಿನ ಕೆಳಗೆ ತಳ್ಳಿದಳು. ಗೋಡೆ ತಾಗುವವರೆಗೂ ತಳ್ಳಿದಳು.